ಶಾಲೆಯಲ್ಲಿ ಹಳೆಯ ನಾಟಕಗಳನ್ನು ಈಗ ಯಾರು ಓದಿಸುತ್ತಿದ್ದಾರೆ?

ಮಲೆನಾಡ ಮೇಷ್ಟ್ರು

ಹೊಸನಗರ ತಾಲ್ಲೂಕಿನ ನಗರ ಕೋಟೆಗೆ ನಮ್ಮ ಕಡೆಯ ಶಾಲೆಗಳಿಂದ ಮಕ್ಕಳು ಹೋಗುತ್ತಲೇ ಇರುತ್ತಾರೆ. ಕೋಟೆ ಹತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಬುತ್ತಿ ಬಿಚ್ಚಿ ಊಟ ಮಾಡಿ ವಾಪಸ್ ಬರುತ್ತಾರೆ. ಅದೇ ಹಳೆಯ ಬಿದನೂರು, ಕೆಳದಿ ಅರಸರ ರಾಜಧಾನಿ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕಥೆಯನ್ನು ಕುವೆಂಪು ಇದೇ ಬಿದನೂರಿಗೆ ತಂದು 1932ರಲ್ಲಿ 'ರಕ್ತಾಕ್ಷಿ' ಬರೆದರು. ಡೆನ್ಮಾರ್ಕಿನ ರಾಜಕುಮಾರನ ಸಂಕಟ ಮಲೆನಾಡಿನ ಸಂಕಟವಾಯಿತು. ಆ ಕೋಟೆಯ ಪಕ್ಕದಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಈ ವಿಷಯ ಗೊತ್ತೇ ಇಲ್ಲ. ಯಾರೂ ಹೇಳಿಲ್ಲ, ಓದಿಸಿಲ್ಲ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು. ಕೈಲಾಸಂ, ಶ್ರೀರಂಗ, ಸಂಸ, ಕುವೆಂಪು, ಪು.ತಿ.ನ., ಕಾರ್ನಾಡ, ಕಂಬಾರ ಈ ಹೆಸರುಗಳೆಲ್ಲ ನಮ್ಮ ಮಕ್ಕಳಿಗೆ ಬಾಯಿಪಾಠ. ಯಾವ ಊರು, ಯಾವ ಕೃತಿ, ಯಾವ ಪ್ರಶಸ್ತಿ ಅಂತ ಪಟಪಟನೆ ಹೇಳುತ್ತಾರೆ. ಕವಿ ಪರಿಚಯಕ್ಕೆ ಅಂಕ ಇದೆ ನೋಡಿ. ಆದರೆ ಇವರಲ್ಲಿ ಒಬ್ಬರ ಒಂದು ನಾಟಕವನ್ನು ಮೊದಲಿಂದ ಕೊನೆಯವರೆಗೆ ಓದಿದ ಮಗುವನ್ನು ಹುಡುಕಬೇಕು.

ಪಠ್ಯದಲ್ಲಿ ನಾಟಕವೇ ಇಲ್ಲ ಅಂತ ಹೇಳಲಾಗದು. ಹತ್ತನೇ ತರಗತಿಯ ಪ್ರಥಮ ಭಾಷೆಗೆ ಪು.ತಿ.ನ. ಅವರ 'ಶಬರಿ' ಗೀತನಾಟಕದ ಭಾಗ ಪಾಠವಾಗಿ ಬಂದಿದೆ. ಪ್ರಥಮ ಪಿಯುಸಿಗೆ ಕಂಬಾರರ 'ಬೋಳೇಶಂಕರ' ಬಂದಿದೆ. ಆದ್ದರಿಂದ ಸರ್ಕಾರವನ್ನೊಂದೇ ಬೈದು ಕೂತರೆ ಪ್ರಯೋಜನ ಇಲ್ಲ. ಇರುವ ನಾಟಕವನ್ನೂ ನಾವು ಗದ್ಯಪಾಠದ ಹಾಗೇ ಮುಗಿಸುತ್ತಿದ್ದೇವೆ. ಮೇಷ್ಟ್ರು ಒಮ್ಮೆ ಓದುತ್ತಾರೆ, ಸಾರಾಂಶ ಹೇಳುತ್ತಾರೆ. ಆಮೇಲೆ 'ಯಾರು ಯಾರಿಗೆ ಹೇಳಿದರು', 'ಸಂದರ್ಭ ಸಹಿತ ವಿವರಿಸಿ' ಅಂತ ನೋಟ್ಸ್. ಮಕ್ಕಳ ಬಾಯಲ್ಲಿ ಒಂದು ಮಾತೂ ಆಡಿಸದೆ ನಾಟಕದ ಪಾಠ ಮುಗಿದುಹೋಗುತ್ತದೆ. ನನ್ನ ದೂರು ಇರುವುದು ಇಲ್ಲಿ.

'ಶಬರಿ'ಯಲ್ಲಿ ಒಂದು ಜಾಗ ಇದೆ. ರಾಮ ಬರುತ್ತಾನೆಂದು ಮುದುಕಿ ವರ್ಷಗಟ್ಟಲೆ ಕಾದಿದ್ದಾಳೆ. ಕೊನೆಗೆ ಅವನು ಬಂದೇ ಬಿಟ್ಟ. ಆದರೆ ತಾನು ರಾಮ ಅಂತ ಹೇಳುವುದಿಲ್ಲ. ದಾರಿಹೋಕರಿಗೆ ಇಲ್ಲಿ ತಂಗಲು ಜಾಗ ಸಿಗುತ್ತದೆಯೇ ಅಂತ ಕೇಳುತ್ತಾನೆ. ಗೈಡಿನಲ್ಲಿ ಈ ಸಾಲಿಗೆ ನಾಲ್ಕು ವಾಕ್ಯದ ಉತ್ತರ ರೆಡಿ ಇದೆ. ನಾನು ಒಬ್ಬ ಹುಡುಗನಿಗೆ ಎದ್ದು ನಿಂತು ಹೇಳು ಅಂದೆ. ಮೊದಲು ಪೊಲೀಸ್ ವಿಚಾರಣೆ ಮಾಡಿದ ಹಾಗೆ ಜೋರಾಗಿ ಕೇಳಿದ. 'ನಡೆದು ನಡೆದು ಸುಸ್ತಾಗಿದೆ, ಹೆಂಡತಿಯನ್ನು ಕಳೆದುಕೊಂಡು ಹುಡುಕುತ್ತಿದ್ದೀಯ, ಈಗ ಕೇಳು' ಅಂದೆ. ದನಿ ತಾನಾಗಿ ಇಳಿಯಿತು. ಶಬರಿಯ ಪಾತ್ರ ಓದುತ್ತಿದ್ದ ಹುಡುಗಿ, 'ಸಾರ್, ನಾನು ಈಗ ತಲೆ ಎತ್ತಿ ನೋಡಬೇಕಾ, ಇಲ್ಲ ಹಣ್ಣು ಆರಿಸುತ್ತಾ ಇರಬೇಕಾ?' ಅಂತ ಕೇಳಿದಳು. ಗೈಡಿನಲ್ಲಿ ಇಲ್ಲದ ಪ್ರಶ್ನೆ ಅದು. ಇಡೀ ಕ್ಲಾಸು ಅದರ ಮೇಲೆ ಜಗಳ ಆಡಿತು. ಪಾಠ ಅಂದರೆ ಅದು ಅಲ್ವಾ?

ನಿಮ್ಮ ಕಡೆ ಹೇಗಿದೆ? ಮೇಷ್ಟ್ರು, ಟೀಚರು, ತಂದೆ ತಾಯಿ, ರಂಗಭೂಮಿಯವರು ಎಲ್ಲರೂ ಬರೆಯಿರಿ.

ರಾಜಾಜಿನಗರದ ಅಪ್ಪ

ಮೇಷ್ಟ್ರೇ, ಹ್ಯಾಮ್ಲೆಟ್ ವಿಷಯ ಎತ್ತಿದ್ದಕ್ಕೆ ಹೇಳುತ್ತೇನೆ. ನನ್ನ ಮಗಳು ಐಸಿಎಸ್‌ಇ ಶಾಲೆಯಲ್ಲಿ ಓದುತ್ತಾಳೆ. ಇಂಗ್ಲಿಷಿಗೆ ಅವರಿಗೆ 'ಜೂಲಿಯಸ್ ಸೀಸರ್' ಇಡೀ ನಾಟಕ ಪಠ್ಯ. ತುಣುಕಲ್ಲ, ಪೂರ್ತಿ. ಹಿಂದಿನ ಬ್ಯಾಚಿನವರಿಗೆ 'ಮರ್ಚೆಂಟ್ ಆಫ್ ವೆನಿಸ್' ಇತ್ತು. ಅಂಕ, ದೃಶ್ಯ, ಸಾಲು ಎಲ್ಲವನ್ನೂ ಬಿಡಿಸಿ ಬಿಡಿಸಿ ಪಾಠ ಮಾಡುತ್ತಾರೆ. ಆಂಟನಿಯ ಭಾಷಣ ಇವಳು ಅಡುಗೆಮನೆಯಲ್ಲಿ ನಿಂತು ಹೇಳುವಾಗ ನನಗೇ ಮೈ ಜುಂ ಅನ್ನುತ್ತದೆ.

ಅದೇ ಹುಡುಗಿಗೆ ಕನ್ನಡ ಅಂದರೆ ಪತ್ರಲೇಖನ, ಸಂಧಿ, ಸಮಾಸ. 'ಕನ್ನಡದಲ್ಲೂ ಹಿಂಗೆ ನಾಟಕ ಇದೆಯಾ ಅಪ್ಪ?' ಅಂತ ಕೇಳಿದಳು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದ ಮೇಲೆ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು, ಸಂತೋಷ. ಆದರೆ ಅಕ್ಷರ ಕಲಿತ ಮೇಲೆ ಏನು ಓದಬೇಕು ಅನ್ನುವುದನ್ನು ಯಾರೂ ಯೋಚಿಸಿದ ಹಾಗೆ ಕಾಣುವುದಿಲ್ಲ. ನಾನ್ನೂರು ವರ್ಷದ ಹಿಂದಿನ ಇಂಗ್ಲಿಷ್ ಅರ್ಥ ಮಾಡಿಕೊಳ್ಳುವ ಮಗುವಿಗೆ ನೂರು ವರ್ಷದ ಹಿಂದಿನ ಕನ್ನಡ ಕಷ್ಟ ಆಗುತ್ತದೆ ಅಂದರೆ ನಾನು ನಂಬುವುದಿಲ್ಲ.

ಧಾರವಾಡದಾಕಿ

ನಮ್ಮ ಕಡೆ ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ಅಂದ್ರ ನಾಟಕ, ನಾಟಕ ಅಂದ್ರ ಗ್ಯಾದರಿಂಗ್. ಶ್ರೀರಂಗರ ಊರ ಸೀಮೆ ರೀ ಇದು. ಸಂಗ್ಯಾಬಾಳ್ಯಾ ಹಾಡು ಬಾರದ ಮನೆ ಇರಲಿಲ್ಲ. ನಾನು ಕಲಿಯುವಾಗ ಪಠ್ಯಪುಸ್ತಕದ ಜೊತೆಗೆ ನಾನ್‌ಡಿಟೇಲ್ ಅಂತ ಇನ್ನೊಂದು ತೆಳುವಾದ ಪುಸ್ತಕ ಇರುತ್ತಿತ್ತು. ಒಂದು ವರ್ಷ ಕಾದಂಬರಿ, ಇನ್ನೊಂದು ವರ್ಷ ನಾಟಕ. ಆ ಪುಸ್ತಕ ಹೋಯಿತು, ಅದರ ಜೊತೆಗೆ ಇಡೀ ಕೃತಿ ಓದುವ ರೂಢಿಯೂ ಹೋಯಿತು. ಈಗ ಎಲ್ಲವೂ ಆಯ್ದ ಭಾಗ. ಆಯ್ದ ಭಾಗದಲ್ಲಿ ಕವಿತೆ ಬದುಕುತ್ತದೆ, ಪ್ರಬಂಧ ಬದುಕುತ್ತದೆ. ನಾಟಕ ಬದುಕುವುದಿಲ್ಲ. ಮೊದಲ ದೃಶ್ಯದಲ್ಲಿ ಕಟ್ಟಿದ್ದು ಕೊನೆಯ ದೃಶ್ಯದಲ್ಲಿ ಬಿಚ್ಚಿಕೊಳ್ಳಬೇಕಲ್ಲ. ನಡುವಿನ ಒಂದು ತುಂಡು ಕೊಟ್ಟರೆ ಮಗುವಿಗೆ ಏನು ತಿಳಿದೀತು?

ಇನ್ನೊಂದು ಮಾತು. ನೀವೆಲ್ಲ ಕೈಲಾಸಂ ಕೈಲಾಸಂ ಅಂತೀರಿ. ಅವರು ದೊಡ್ಡವರೇ. ಆದರೆ ಆ ಮೈಸೂರು ಬೆಂಗಳೂರು ಕಡೆಯ ಇಂಗ್ಲಿಷ್ ಬೆರೆತ ಮನೆಮಾತು ನಮ್ಮ ಮಕ್ಕಳಿಗೆ ಬೇರೆಯವರ ಮನೆಯ ಮಾತಿನ ಹಾಗೆ ಕೇಳಿಸುತ್ತದೆ. 'ಬೋಳೇಶಂಕರ' ಓದಿಸುವಾಗ ನೋಡಬೇಕು ನೀವು, ಕಂಬಾರರ ಮಾತು ನಮ್ಮ ಹುಡುಗರ ನಾಲಗೆ ಮೇಲೆ ಕುಣಿಯುತ್ತದೆ. ಮೂಲ ಕಥೆ ಟಾಲ್‌ಸ್ಟಾಯ್ ಅವರದು ಅಂತ ಹೇಳಿದರೆ ಅವರು ನಂಬುವುದೇ ಇಲ್ಲ. ಹಳೆಯ ನಾಟಕ ಅಂದಾಗ ಒಂದೇ ಸೀಮೆಯ ಪಟ್ಟಿ ಮಾಡಬೇಡಿ.

ಲೆಕ್ಕದ ಟೀಚರ್

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನು ಇನ್ನೊಂದು ಕಡೆ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಜಿಲ್ಲೆಗೆ ಎಷ್ಟನೇ ಸ್ಥಾನ ಅಂತ ಪತ್ರಿಕೆಯಲ್ಲಿ ಬರುತ್ತದೆ. ಕೆಳಗಿದ್ದರೆ ಮುಖ್ಯೋಪಾಧ್ಯಾಯರಿಗೆ ನೋಟಿಸ್, ನಮಗೆ ಸಭೆ ಮೇಲೆ ಸಭೆ. ಡಿಸೆಂಬರ್ ಒಳಗೆ ಪಾಠ ಮುಗಿಯಬೇಕು. ಆಮೇಲೆ ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಸರಣಿ ಪರೀಕ್ಷೆ, ಪಾಸಿಂಗ್ ಪ್ಯಾಕೇಜ್. ಎಂಟನೇ ತರಗತಿಗೆ ಬರುವ ಎಷ್ಟೋ ಮಕ್ಕಳಿಗೆ ಒಂದು ಪ್ಯಾರಾ ತಡವರಿಸದೆ ಓದಲು ಬರುವುದಿಲ್ಲ. ಅಂಥ ಮಗುವಿಗೆ ಮೊದಲು ಓದು ಬರಹ ಗಟ್ಟಿ ಮಾಡಬೇಕೋ, ಕುವೆಂಪು ನಾಟಕ ಆಡಿಸಬೇಕೋ? ನಾಟಕ ಬೇಡ ಅಂತಲ್ಲ. ಇರುವ ಪೀರಿಯಡ್ ಅಷ್ಟೇ. ನಲವತ್ತು ನಿಮಿಷದಲ್ಲಿ ಹಾಜರಿ, ನೋಟ್ಸ್ ತಿದ್ದುವುದು ಎಲ್ಲ ಆಗಬೇಕು.

ಮಲೆನಾಡ ಮೇಷ್ಟ್ರು

ಟೀಚರ್, ನೀವು ಹೇಳಿದ ಒತ್ತಡ ನನಗೂ ಇದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎರಡು ಮಾತು.

ಪ್ರಥಮ ಭಾಷೆಗೆ ಒಟ್ಟು 125 ಅಂಕ. ಅದರಲ್ಲಿ 100 ಬರವಣಿಗೆ, 25 ಆಂತರಿಕ. ಆ 25 ಅಂಕಕ್ಕೆ ನಾವು ಏನು ಚಟುವಟಿಕೆ ಮಾಡಿಸುತ್ತೇವೆ? ಚಾರ್ಟ್ ಬರೆಸುತ್ತೇವೆ. ಕವಿಯ ಚಿತ್ರ ಅಂಟಿಸಿಕೊಂಡು ಬಾ ಅನ್ನುತ್ತೇವೆ. ಮಗು ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿ ಅಂಟಿಸುತ್ತದೆ. ಅದರ ಬದಲು ಒಂದು ದೃಶ್ಯವನ್ನು ಪಾತ್ರ ಹಂಚಿ ಓದಿಸಿ, ಅದಕ್ಕೇ ಅಂಕ ಕೊಡಿ. ಯಾವ ನಿಯಮವೂ ಅಡ್ಡ ಬರುವುದಿಲ್ಲ, ಹೊಸ ಪೀರಿಯಡ್ಡೂ ಬೇಕಿಲ್ಲ.

ಓದಲು ಬಾರದ ಮಗುವಿನ ಮಾತು ಎತ್ತಿದಿರಿ. ನನ್ನ ಅನುಭವದಲ್ಲಿ ನಾಟಕ ಅಂಥ ಮಗುವಿಗೇ ಜಾಸ್ತಿ ಬೇಕು. ನಮ್ಮಲ್ಲಿ ರನ್ನನ ಗದಾಯುದ್ಧದ ಭಾಗ ಪಾಠಕ್ಕಿದೆ. ಭೀಮನ ಕೂಗು ಕೇಳಿ ದುರ್ಯೋಧನ 'ನೀರೊಳಗಿರ್ದುಂ ಬೆಮರ್ತನ್' ಅನ್ನುವ ಪದ್ಯ ಪಾಠದಲ್ಲಿ ಇಲ್ಲದಿದ್ದರೂ ನಾನು ಹೇಳಿಕೊಡುತ್ತೇನೆ. ನೀರಿನ ಒಳಗೆ ಇದ್ದೂ ಬೆವರಿದ! ಓದುವಾಗ ಅಕ್ಷರ ಅಕ್ಷರಕ್ಕೂ ನಿಲ್ಲುವ ಒಬ್ಬ ಹುಡುಗ ಇದನ್ನು ಕಿವಿಯಿಂದಲೇ ಹಿಡಿದುಕೊಂಡ. ಎರಡು ದಿನ ಕಾರಿಡಾರಿನಲ್ಲಿ ಅದನ್ನೇ ಕೂಗಿಕೊಂಡು ಓಡಾಡಿದ. ಆಮೇಲೆ ಪುಸ್ತಕ ತೆಗೆದು ಆ ಸಾಲು ಎಲ್ಲಿದೆ ತೋರಿಸಿ ಅಂತ ಬಂದ. ಬಾಯಿಗೆ ಮೊದಲು ಬಂದ ಮಾತನ್ನು ಕಣ್ಣು ಬೇಗ ಗುರುತಿಸುತ್ತದೆ. ನಲಿಕಲಿಯಲ್ಲಿ ಸಣ್ಣ ಮಕ್ಕಳಿಗೆ ಹಾಡು ಹೇಳಿಸಿಯೇ ಓದು ಕಲಿಸುತ್ತೇವಲ್ಲ, ಹೈಸ್ಕೂಲಿಗೆ ಬಂದ ಕೂಡಲೇ ಅದನ್ನು ಯಾಕೆ ಬಿಟ್ಟುಬಿಡಬೇಕು?

ಅಂದಹಾಗೆ, ರನ್ನನ ಕಾವ್ಯದಲ್ಲಿ ನಾಟಕ ಅಡಗಿದೆ ಅಂತ ಕಂಡೇ ಬಿ.ಎಂ.ಶ್ರೀ. ಅವರು 1926ರಲ್ಲಿ 'ಗದಾಯುದ್ಧ ನಾಟಕಂ' ಕಟ್ಟಿದ್ದು. ಅದನ್ನು ಒಮ್ಮೆ ಜೋರಾಗಿ ಓದಿ ನೋಡಿ ಟೀಚರ್.

ಚಾಮರಾಜನಗರದ ಟೀಚರಮ್ಮ

ಇಲ್ಲಿ ಯಾರೂ ಹೇಳದ ಒಂದು ಕಾರಣ ಇದೆ. ಮೇಷ್ಟ್ರುಗಳಿಗೆ ಈ ನಾಟಕಗಳ ಬಗ್ಗೆ ಅಂಜಿಕೆ ಇದೆ.

ಕುವೆಂಪು ಅವರ 'ಜಲಗಾರ' ತೆಗೆದುಕೊಳ್ಳಿ. 1928ರ ನಾಟಕ. ಬೀದಿ ಗುಡಿಸುವವನೇ ಕಥೆಯ ನಾಯಕ. ಊರವರೆಲ್ಲ ಶಿವನ ಗುಡಿಗೆ ಹೋಗುತ್ತಾರೆ, ಇವನು ಪೊರಕೆ ಹಿಡಿದು ಬೀದಿಯಲ್ಲೇ ಉಳಿಯುತ್ತಾನೆ. ಕೊನೆಗೆ ಶಿವನೇ ಇವನ ಹತ್ತಿರ ಬರುತ್ತಾನೆ, ತಾನೂ ಜಗತ್ತಿನ ಜಲಗಾರ ಅಂತ ಹೇಳುತ್ತಾನೆ. 'ಬೆರಳ್ಗೆ ಕೊರಳ್' ಏಕಲವ್ಯನ ಕಥೆ. 'ಶೂದ್ರ ತಪಸ್ವಿ' ರಾಮಾಯಣದಲ್ಲಿ ತಪಸ್ಸು ಮಾಡಿದ್ದಕ್ಕೆ ರಾಮನ ಕೈಲಿ ಸಾಯುವ ಶೂದ್ರ ಶಂಬೂಕನ ಕಥೆ. ಹೆಸರು ಕೇಳಿದ ಕೂಡಲೇ ಕೆಲವು ಸಹೋದ್ಯೋಗಿಗಳು 'ಬೇಡಮ್ಮ, ಯಾರಾದರೂ ಏನಾದರೂ ಅಂದುಕೊಂಡಾರು' ಅನ್ನುತ್ತಾರೆ. ಹಾಗೆ ಒಬ್ಬೊಬ್ಬರು ಬದಿಗಿಟ್ಟು ಬದಿಗಿಟ್ಟು ಈ ನಾಟಕಗಳು ಕ್ಲಾಸಿನ ಬಾಗಿಲು ದಾಟುವುದೇ ಇಲ್ಲ.

ನನ್ನ ತರಗತಿಯಲ್ಲಿ ಪೌರಕಾರ್ಮಿಕರ ಮಕ್ಕಳೂ ಇದ್ದಾರೆ, ಜಮೀನಿರುವವರ ಮಕ್ಕಳೂ ಇದ್ದಾರೆ. 'ಜಲಗಾರ' ಓದಿಸುವ ಮೊದಲು ನಾನೂ ಯೋಚಿಸಿದೆ. ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದೇನೆ. ಯಾವ ಪಾತ್ರವೂ ಯಾವ ಮಗುವಿಗೂ ಕಾಯಂ ಇಲ್ಲ. ಪ್ರತಿ ಪುಟಕ್ಕೂ ಜಲಗಾರ ಬದಲಾಗುತ್ತಾನೆ, ಶಿವನೂ ಬದಲಾಗುತ್ತಾನೆ. ಹುಡುಗಿಯರೂ ಓದುತ್ತಾರೆ, ಹುಡುಗರೂ ಓದುತ್ತಾರೆ. ಎಲ್ಲರ ಕೈಗೂ ಪೊರಕೆ ಬಂದು ಹೋಗುತ್ತದೆ. ಯಾವ ಜಾತಿಯ ಮಗುವಿಗೆ ಯಾವ ಪಾತ್ರ ಅನ್ನುವ ಗುಸುಗುಸು ಅಲ್ಲಿಗೇ ನಿಲ್ಲುತ್ತದೆ.

ಓದಿ ಮುಗಿದ ಮೇಲೆ ಒಬ್ಬ ಹುಡುಗಿ, ಅವಳ ತಾಯಿ ಬೆಳಗಿನ ಜಾವಕ್ಕೇ ಊರು ಗುಡಿಸಲು ಹೋಗುವವರು, ನನ್ನನ್ನು ಕೇಳಿದಳು: 'ಮಿಸ್, ಶಿವ ಇವನ ಹತ್ತಿರ ಬಂದ, ಸರಿ. ಆದರೆ ಊರವರು ಯಾರೂ ಬರಲಿಲ್ಲವಲ್ಲ?' ಅಂತ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಆ ನಾಟಕದ ಬಗ್ಗೆ ಇಷ್ಟು ಚೂಪಾದ ಮಾತು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ದೊಡ್ಡ ವಿಮರ್ಶಕರು ಬರೆಯಬೇಕಾದದ್ದು ಅದು. ಅಂಜಿಕೊಂಡು ಆ ನಾಟಕವನ್ನು ಬದಿಗಿಟ್ಟಿದ್ದರೆ ಆ ಪ್ರಶ್ನೆ ಅವಳೊಳಗೇ ಉಳಿಯುತ್ತಿತ್ತು.

ನಿವೃತ್ತ ಉಪನ್ಯಾಸಕಿ

ಟೀಚರಮ್ಮ, ನಿಮ್ಮ ಬರಹ ಓದಿ ಮನಸ್ಸು ತುಂಬಿ ಬಂತು. ನಾನು ಕಾಲೇಜಿನಲ್ಲಿ ಪಾಠ ಮಾಡಿದವಳು. ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ.

'ಶೂದ್ರ ತಪಸ್ವಿ' 1944ರಲ್ಲಿ ಬಂದಾಗ ಮಾಸ್ತಿಯವರು ಅದನ್ನು ಒಪ್ಪಲಿಲ್ಲ. ಪುರಾಣದ ಕಥೆಯನ್ನು ಹೀಗೆ ಬದಲಿಸುವುದು ಸರಿಯಲ್ಲ ಅನ್ನುವುದು ಅವರ ನಿಲುವು. ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ಕುವೆಂಪು ಬರೆದ ಕಥೆಯಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಕೊಲ್ಲುವುದಿಲ್ಲ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಅವನು ಶಂಬೂಕನಿಗೆ ನಮಸ್ಕರಿಸುತ್ತಾನೆ. ಇಬ್ಬರು ಹಿರಿಯರು, ಇಬ್ಬರೂ ಮುಂದೆ ಜ್ಞಾನಪೀಠ ಪಡೆದವರು, ಒಂದು ನಾಟಕದ ಮೇಲೆ ಬಹಿರಂಗವಾಗಿ, ಮರ್ಯಾದೆ ಬಿಡದೆ ವಾದ ಮಾಡಿದರು. ನಾನು ಪಿಯುಸಿ ತರಗತಿಯಲ್ಲಿ ಅರ್ಧ ಜನರನ್ನು ಮಾಸ್ತಿ ಕಡೆ, ಅರ್ಧ ಜನರನ್ನು ಕುವೆಂಪು ಕಡೆ ಕೂರಿಸುತ್ತಿದ್ದೆ. ಮುಂದಿನ ವಾರ ಕಡೆ ಬದಲಿಸುತ್ತಿದ್ದೆ. ಒಬ್ಬರ ಮಾತನ್ನು ಒಪ್ಪದೆಯೂ ಅವರನ್ನು ಗೌರವಿಸುವುದು ಹೇಗೆ ಅನ್ನುವುದನ್ನು ಹದಿನಾರು ಹದಿನೇಳರ ಮಕ್ಕಳು ಆ ಗಂಟೆಗಳಲ್ಲಿ ಕಲಿತರು.

ಆ ಕಾಲದವರಿಗೆ ನಾಟಕ ಅಂದರೆ ತರಗತಿಯ ಹೊರಗಿನ ಮಾತಾಗಿರಲಿಲ್ಲ. ಬಿ.ಎಂ.ಶ್ರೀ. ಸ್ವತಃ ಇಂಗ್ಲಿಷ್ ಪ್ರಾಧ್ಯಾಪಕರು. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ತಂದು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಈಸ್ಕಿಲಸನ ನಾಟಕ 'ಪಾರಸಿಕರು' ಆಯಿತು. ಪಾಠ ಮಾಡುವವರೇ ನಾಟಕ ಬರೆಯುತ್ತಿದ್ದರು, ವಿದ್ಯಾರ್ಥಿಗಳು ಆಡುತ್ತಿದ್ದರು. ಈಗ ಕನ್ನಡ ಎಂ.ಎ. ಮಾಡಿ, ಬಿ.ಎಡ್. ಮಾಡಿ ಕೆಲಸಕ್ಕೆ ಬರುವವರಲ್ಲಿ ಎಷ್ಟು ಜನ ಒಂದು ದೃಶ್ಯವನ್ನು ದನಿ ಏರಿಳಿಸಿ ಓದುವುದನ್ನು ಕಲಿತಿರುತ್ತಾರೆ? ಅವರಿಗೇ ಯಾರೂ ಓದಿ ತೋರಿಸಿಲ್ಲ. ನನಗೆ ಎಲ್ಲಕ್ಕಿಂತ ಚಿಂತೆ ಇದರದು. ಪುಸ್ತಕವನ್ನು ನಾಳೆ ಪಠ್ಯಕ್ಕೆ ವಾಪಸ್ ತರಬಹುದು. ಬಾಯಿಂದ ಬಾಯಿಗೆ ಬರಬೇಕಾದ ಓದುವ ರೀತಿ ಒಂದು ತಲೆಮಾರು ತಪ್ಪಿದರೆ ಮತ್ತೆ ಕಟ್ಟುವುದು ಕಷ್ಟ.

ತಾಲೀಮು ಮನೆ

ನಾನು ಶಾಲೆಗಳಿಗೆ ಹೋಗಿ ನಾಟಕ ಮಾಡಿಸುವವನು. ಶಾಲೆಗಳಲ್ಲಿ ನಾಟಕವೇ ನಿಂತಿದೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಾಟಕ ಬೇಕಾದಷ್ಟು ಆಗುತ್ತಿದೆ. ಸ್ವಚ್ಛತೆ ಬಗ್ಗೆ ನಾಟಕ, ರಸ್ತೆ ಸುರಕ್ಷತೆ ಬಗ್ಗೆ ನಾಟಕ, ಪರಿಸರ ದಿನಕ್ಕೆ ನಾಟಕ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಕಡೆಯಿಂದ ವಿಜ್ಞಾನ ನಾಟಕ ಸ್ಪರ್ಧೆ ನಡೆಯುತ್ತದೆ, ಅದಕ್ಕೆ ಶಾಲೆಗಳು ಎಷ್ಟು ಹುರುಪಿನಿಂದ ತಯಾರಿ ಮಾಡುತ್ತವೆ ಗೊತ್ತಾ? ಸುತ್ತೋಲೆ ಬಂದರೆ ಸಮಯವೂ ಸಿಗುತ್ತದೆ, ದುಡ್ಡೂ ಸಿಗುತ್ತದೆ, ವೇಷವೂ ಸಿಗುತ್ತದೆ. ಹಳೆಯ ನಾಟಕ ಓದಿಸಿ ಅಂತ ಯಾರೂ ಸುತ್ತೋಲೆ ಕಳಿಸಿಲ್ಲ, ಅಷ್ಟೇ. ಸಮಯ ಇಲ್ಲ ಅನ್ನುವ ಮಾತು ಅದಕ್ಕೇ ನನಗೆ ಪೂರ್ತಿ ಹಿಡಿಸುವುದಿಲ್ಲ.

ನಮ್ಮ ರಂಗಭೂಮಿಯವರ ಬಗ್ಗೆಯೂ ಒಂದು ಮಾತು ಹೇಳಬೇಕು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಿಂದ ಹಿಡಿದು ಊರೂರಿನ ಬೇಸಿಗೆ ಶಿಬಿರದವರೆಗೆ ಮಕ್ಕಳ ರಂಗಭೂಮಿ ಚೆನ್ನಾಗಿ ಬೆಳೆದಿದೆ. ಆಟ ಆಡಿಸುತ್ತೇವೆ, ಮೈ ಬಿಡಿಸುತ್ತೇವೆ, ಮುಖವಾಡ ಮಾಡಿಸುತ್ತೇವೆ, ಮಕ್ಕಳಿಂದಲೇ ಕಥೆ ಕಟ್ಟಿಸುತ್ತೇವೆ. ಎಲ್ಲ ಒಳ್ಳೆಯದೇ. ಆದರೆ ಬರೆದಿಟ್ಟ ಒಂದು ಗಟ್ಟಿ ಮಾತನ್ನು ಮಗು ಬಾಯಿಪಾಠ ಮಾಡಿ, ಅದರ ಅರ್ಥ ಹುಡುಕಿ, ಅದಕ್ಕೆ ತನ್ನ ಉಸಿರು ಹೊಂದಿಸಿಕೊಳ್ಳುವ ಕೆಲಸ ಕಡಿಮೆ ಆಗಿದೆ. ಕೈಲಾಸಂ ಬರೆದ ಒಂದು ಪುಟದ ಮಾತನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ ಹೇಳುವುದು ಹತ್ತು ರಂಗ ಆಟಗಳಿಗಿಂತ ಕಷ್ಟದ ವ್ಯಾಯಾಮ. ಅದೂ ಬೇಕು.

ಹೆಗ್ಗೋಡಿನ ನೀನಾಸಂ ತಿ‍ರುಗಾಟ 1985ರಿಂದ ಊರೂರು ಸುತ್ತುತ್ತಿದೆ. ನಮ್ಮವರ ನಾಟಕ, ಹೊರಗಿನವರ ನಾಟಕ ಎರಡನ್ನೂ ಸಣ್ಣ ಸಣ್ಣ ಊರಿನ ಜನ ಕೂತು ನೋಡುತ್ತಾರೆ. ತಿರುಗಾಟ ನಿಮ್ಮ ಊರಿಗೆ ಬಂದಾಗ ಶಾಲೆಯವರು ಮಕ್ಕಳನ್ನು ಕರೆದುಕೊಂಡು ಬನ್ನಿ. ಕರೆತರುವ ಮೊದಲು ಆ ನಾಟಕದ ಎರಡು ಪುಟ ಓದಿಸಿ. ನೋಡುವ ಕಣ್ಣೇ ಬೇರೆ ಆಗುತ್ತದೆ.

ಸರ್ಕಾರಿ ಪ್ರೌಢಶಾಲೆಗಳಲ್ಲಿ ರಂಗಶಿಕ್ಷಣ ಪಡೆದ ನಾಟಕ ಶಿಕ್ಷಕರು ಕೆಲವೇ ಕೆಲವು ಕಡೆ ಇದ್ದಾರೆ. ಅವರಿರುವ ಶಾಲೆಯ ಮಕ್ಕಳು ಮಾತಾಡುವ ರೀತಿಯೇ ಬೇರೆ. ಪಕ್ಕದ ಶಾಲೆಯ ಕನ್ನಡ ಮೇಷ್ಟ್ರು ಒಂದು ದಿನ ಹೋಗಿ ಕೂತು ನೋಡಿ ಬರಲಿ.

ಕಡಲ ಕಡೆಯವ

ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಯಕ್ಷಗಾನ ಇದನ್ನು ಸ್ವಲ್ಪ ಮಟ್ಟಿಗೆ ಉಳಿಸಿದೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲೇ ಗುರುಗಳನ್ನಿಟ್ಟು ಮಕ್ಕಳಿಗೆ ಹೆಜ್ಜೆ, ಮಾತು ಕಲಿಸುತ್ತದೆ. ಹುಡುಗಿಯರೂ ಜೋರಾಗಿ ವೇಷ ಕಟ್ಟುತ್ತಾರೆ. ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳುವ ಹುಡುಗನಿಗೆ ಪರೀಕ್ಷೆಯಲ್ಲಿ 'ಸಂದರ್ಭ ವಿವರಿಸಿ' ಅಂದರೆ ಯಾವ ಗೈಡೂ ಬೇಡ ಮಾರಾಯ್ರೆ. ಎದುರಿನ ಪಾತ್ರ ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟು ಅಭ್ಯಾಸ ಆಗಿರುತ್ತದೆ.

ಒಂದೇ ಬೇಸರ. ಯಕ್ಷಗಾನ ಸಂಜೆಗೆ, ಪಾಠ ಬೆಳಿಗ್ಗೆಗೆ ಅಂತ ಬೇರೆ ಬೇರೆ ಮಾಡಿಟ್ಟಿದ್ದೇವೆ. ಸಂಜೆ ಅದ್ಭುತವಾಗಿ ಕೌರವನ ಮಾತು ಹೇಳಿದ ಹುಡುಗ ಬೆಳಿಗ್ಗೆ ರನ್ನನ ಪಾಠದಲ್ಲಿ ಕೊನೆಯ ಬೆಂಚಿನಲ್ಲಿ ಸುಮ್ನೆ ಕೂತಿರುತ್ತಾನೆ. ಅವನನ್ನು ಎದ್ದು ನಿಲ್ಲಿಸಿ ಅಂತ ಕನ್ನಡ ಮೇಷ್ಟ್ರಿಗೆ ಹೊಳೆಯುವುದಿಲ್ಲ.

ಧಾರವಾಡದಾಕಿ

@ಕಡಲ ಕಡೆಯವ, ಬರೋಬ್ಬರಿ ಹೇಳಿದ್ರಿ. ನಮ್ಮಲ್ಲೂ ದೊಡ್ಡಾಟ ಆಡುವ ಮನೆತನದ ಮಕ್ಕಳು ಹಾಗೇ ಹಿಂದೆ ಕೂತಿರುತ್ತಾರೆ.

ಲೆಕ್ಕದ ಟೀಚರ್

ಆಂತರಿಕ ಅಂಕದ ಮಾತು ನನಗೆ ಹಿಡಿಸಿತು ಮೇಷ್ಟ್ರೇ, ನಮ್ಮ ಶಾಲೆಯ ಕನ್ನಡದವರಿಗೆ ಹೇಳುತ್ತೇನೆ. ಆದರೂ ಇಡೀ ನಾಟಕ ಓದಿಸಲು ಪುಸ್ತಕ ಎಲ್ಲಿಂದ ತರುವುದು? ನಮ್ಮ ಗ್ರಂಥಾಲಯ ಅಂದರೆ ಸ್ಟಾಫ್ ರೂಮಿನ ಒಂದು ಬೀರು. ಝೆರಾಕ್ಸ್ ಮಾಡಿಸಿದರೆ ಹಕ್ಕು ಗಿಕ್ಕು ಅಂತ ತಕರಾರು ಬರುವುದಿಲ್ಲವೇ? ವಾರ್ಷಿಕೋತ್ಸವದಲ್ಲಿ ಆಡಿಸಲು ಯಾರ ಅನುಮತಿ ಬೇಕು?

ಕಾನೂನು ಓದಿದವ

ಇದಕ್ಕೆ ನಾನು ಹೇಳಬಲ್ಲೆ.

ನಮ್ಮ ದೇಶದಲ್ಲಿ ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಯ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಕೈಲಾಸಂ ಮತ್ತು ಬಿ.ಎಂ.ಶ್ರೀ. ಇಬ್ಬರೂ ತೀರಿಕೊಂಡಿದ್ದು 1946ರಲ್ಲಿ. ಹಾಗಾಗಿ ಅವರ ಜೀವಿತಕಾಲದಲ್ಲಿ ಅಚ್ಚಾದ ನಾಟಕಗಳ ಹಕ್ಕು 2006ರ ಕೊನೆಗೆ ಮುಗಿಯಿತು. ಅವನ್ನು ನಕಲು ಮಾಡಬಹುದು, ಅಚ್ಚು ಹಾಕಬಹುದು, ಆಡಬಹುದು. ಯಾರನ್ನೂ ಕೇಳಬೇಕಿಲ್ಲ. ಇನ್ನೊಬ್ಬರು ಹೊಸದಾಗಿ ಬರೆದ ಮುನ್ನುಡಿ, ಟಿಪ್ಪಣಿ ಇದ್ದರೆ ಅದನ್ನು ಮಾತ್ರ ಬಿಡಿ.

ಕುವೆಂಪು 1994ರಲ್ಲಿ, ಪು.ತಿ.ನ. 1998ರಲ್ಲಿ ತೀರಿಕೊಂಡರು. ಅವರ ಕೃತಿಗಳಿಗೆ ಹಕ್ಕು ಇನ್ನೂ ಇದೆ. ಆದರೆ ಶಾಲೆಗೆ ಒಂದು ಅನುಕೂಲ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ, ಶಾಲೆಯ ಚಟುವಟಿಕೆಯಾಗಿ ಅಲ್ಲಿನ ಶಿಕ್ಷಕರು ವಿದ್ಯಾರ್ಥಿಗಳೇ ನಾಟಕ ಆಡಿ, ನೋಡುವವರು ಶಾಲೆಯವರು, ಮಕ್ಕಳ ತಂದೆ ತಾಯಿ, ಪೋಷಕರು ಮತ್ತು ಶಾಲೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸುವುದಾದರೆ, ಯೂಟ್ಯೂಬಿಗೆ ಹಾಕುವುದಾದರೆ ಹಕ್ಕುದಾರರನ್ನು ಕೇಳಿ. ಎಷ್ಟೋ ಶಾಲೆಗಳು ಈ ಭಯಕ್ಕೇ ಹಿಂಜರಿಯುತ್ತವೆ. ಮುಖ್ಯೋಪಾಧ್ಯಾಯರಿಗೆ ಈ ಕಲಮು ತೋರಿಸಿ.

ಸ್ಯಾನ್ ಹೋಸೆ ಕನ್ನಡಿಗ

ಇಲ್ಲಿ ಅಮೆರಿಕದಲ್ಲಿ ಶನಿವಾರ ಭಾನುವಾರದ ಕನ್ನಡ ತರಗತಿಯಲ್ಲಿ ಸ್ವಯಂಸೇವಕನಾಗಿ ಕಲಿಸುತ್ತೇನೆ. ನಮ್ಮ ಮಕ್ಕಳಿಗೆ ಕನ್ನಡ ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಾಟಕ ಕೈಗೆ ಕೊಟ್ಟರೆ ಇಂಗ್ಲಿಷಿಗೆ ಜಾರಲು ಅವಕಾಶವೇ ಇಲ್ಲ, ಎದುರಿನವನ ಮಾತಿಗೆ ಕನ್ನಡದಲ್ಲೇ ಉತ್ತರ ಕೊಡಬೇಕು. ಕೈಲಾಸಂ ಭಾಷೆ ಧಾರವಾಡದ ಮಕ್ಕಳಿಗೆ ದೂರ ಅಂದಿರಿ ಅಕ್ಕ. ಇಲ್ಲಿನ ಮಕ್ಕಳಿಗೆ ಅದೇ ಹತ್ತಿರ! ಎರಡು ಭಾಷೆ ಬೆರೆಸಿ ಮಾತಾಡುವುದು ಇವರ ದಿನನಿತ್ಯದ ಮಾತು. ನೂರು ವರ್ಷದ ಹಿಂದೆ ಒಬ್ಬರು ಹೀಗೇ ಬರೆದಿದ್ದಾರೆ ಅಂತ ಗೊತ್ತಾದಾಗ ಅವರ ಕಣ್ಣು ಅರಳಿತು.

ರಾಜಾಜಿನಗರದ ಅಪ್ಪ

ಈ ಚರ್ಚೆ ಓದಿ ಕೈಲಾಸಂ ಅವರ 'ಟೊಳ್ಳು ಗಟ್ಟಿ' ನಾಟಕವನ್ನು ಮನೆಗೆ ಕೊಂಡು ತಂದೆ. ನನ್ನ ತಂದೆ, ನಾನು, ಮಗಳು ಮೂರೂ ಜನ ಪಾತ್ರ ಹಂಚಿಕೊಂಡು ಊಟದ ಮೇಜಿನ ಮುಂದೆ ಓದಿದೆವು. ಒಬ್ಬ ಮಗ ಪುಸ್ತಕದ ಹುಳು, ಪರೀಕ್ಷೆಯಲ್ಲಿ ಮುಂದೆ. ಇನ್ನೊಬ್ಬ ಓದಿನಲ್ಲಿ ಹಿಂದೆ, ಮನೆಯಲ್ಲಿ ಎಲ್ಲರ ಬೈಗುಳಕ್ಕೂ ಅವನೇ ಸಿಗುವುದು. ಮನೆಗೆ ಬೆಂಕಿ ಬಿದ್ದಾಗ ಯಾರು ಟೊಳ್ಳು, ಯಾರು ಗಟ್ಟಿ ಅಂತ ಗೊತ್ತಾಗುತ್ತದೆ. ಮಗಳು ಓದುತ್ತಾ ಓದುತ್ತಾ ನನ್ನ ಮುಖ ನೋಡುತ್ತಿದ್ದಳು. ಅವಳ ಮಾರ್ಕ್ಸ್ ಬಗ್ಗೆ ನಾನು ದಿನಾ ಆಡುವ ಮಾತುಗಳೇ ಆ ಅಪ್ಪನ ಬಾಯಲ್ಲಿವೆ.

ಅಂಕದ ಓಟದ ಬಗ್ಗೆ ಇಷ್ಟು ನೇರವಾಗಿ ಮಾತಾಡುವ ನಾಟಕ ನಮ್ಮ ಭಾಷೆಯಲ್ಲೇ ಇದೆ. ಅದನ್ನು ಹತ್ತನೇ ತರಗತಿಯ ಮಕ್ಕಳು ಓದಲೇಬೇಕು. ಅವರಿಗಿಂತ ಮೊದಲು ಅವರ ತಂದೆ ತಾಯಿ ಓದಬೇಕು.

ಮೇಷ್ಟ್ರೇ, ಮಗಳು ಮುಂದಿನದು ಯಾವುದು ಅಂತ ಕೇಳುತ್ತಿದ್ದಾಳೆ. ಅವಳ ತಮ್ಮ ಐದನೇ ಕ್ಲಾಸು, ಅವನಿಗೂ ಒಂದು ಪಾತ್ರ ಬೇಕಂತೆ.

ಮಲೆನಾಡ ಮೇಷ್ಟ್ರು

ತಮ್ಮನಿಗೆ ಕುವೆಂಪು ಅವರ 'ಮೋಡಣ್ಣನ ತಮ್ಮ' ಕೊಡಿ. 1926ರಲ್ಲಿ ಮಕ್ಕಳಿಗಾಗಿಯೇ ಬರೆದದ್ದು, ಬೇಗ ಓದಿ ಮುಗಿಸಬಹುದು. ಆಮೇಲೆ 'ನನ್ನ ಗೋಪಾಲ' ಮಾಡಿ, ತಾಯಿಯ ಪಾತ್ರವನ್ನು ಅಕ್ಕ ಓದಲಿ. ಮಗಳು ಸೀಸರ್ ಓದಿದ್ದಾಳಲ್ಲ, ಅವಳಿಗೆ 'ರಕ್ತಾಕ್ಷಿ'ಯೇ ಸರಿ. ಜೊತೆಗೆ ಇಂಗ್ಲಿಷ್ ಹ್ಯಾಮ್ಲೆಟ್ ಇಟ್ಟುಕೊಂಡು ಕುವೆಂಪು ಎಲ್ಲೆಲ್ಲಿ ಬದಲಿಸಿದ್ದಾರೆ ಅಂತ ಅವಳೇ ಹುಡುಕಲಿ. ಭಾಷೆ ಸ್ವಲ್ಪ ಗಂಭೀರ, ಮೊದಲ ದೃಶ್ಯ ತಾತನ ಕೈಲಿ ಓದಿಸಿ. ರಜೆಯಲ್ಲಿ ನಗರದ ಕಡೆ ಬರುವುದಾದರೆ ಮೊದಲೇ ತಿಳಿಸಿ. ನಮ್ಮ ಹತ್ತನೇ ತರಗತಿಯವರೂ ಆಗ ಅದನ್ನೇ ಓದುತ್ತಿರುತ್ತಾರೆ, ಕೋಟೆಯಲ್ಲೇ ಕೂತು ಒಂದು ಅಂಕ ಒಟ್ಟಿಗೆ ಓದೋಣ.

ಲೆಕ್ಕದ ಟೀಚರ್

ನಮ್ಮ ಶಾಲೆಯವರೂ ಬರಬಹುದಾ?

ಮಲೆನಾಡ ಮೇಷ್ಟ್ರು

ಧಾರಾಳವಾಗಿ ಬನ್ನಿ ಟೀಚರ್. ಪಾತ್ರಗಳಿಗೆ ಜನ ಸಾಲುತ್ತಿಲ್ಲ.